ನಿನ್ನೆವರೆಗೆ ಸರಿ ಇದ್ದ ರೆಪೊ ಇವತ್ತು "ನೋ ಪಬ್‌ಕೀ" ಅಂತಿದೆ

ಹಾಸನದ_ಹುಡುಗ: ಆಫೀಸಿನ ಡೆಬಿಯನ್ (ಲಿನಕ್ಸ್) ಸರ್ವರ್. ಹೊರಗಿನ ಒಂದು ರೆಪೊಗೆ (ಸಾಫ್ಟ್‌ವೇರ್ ಉಗ್ರಾಣ) ಆಪ್ಟ್ ಅಪ್‌ಡೇಟ್ (ಪ್ಯಾಕೇಜ್ ಪಟ್ಟಿ ತರೋ ಕಮಾಂಡ್) ಕೊಟ್ರೆ ಈ ಎರರ್, ಅಂದ್ರೆ ಸಹಿ ಪರೀಕ್ಷಿಸೋ ಕೀ ಸಿಕ್ತಿಲ್ಲ. ಏನ್ ಮಾಡ್ಲಿ?

ರಾಗಿಮುದ್ದೆ: ಕೀ ಬದಲಾಯಿಸಿರ್ತಾರೆ. ಸೋರ್ಸಸ್ ಫೈಲಲ್ಲಿ ಆ ರೆಪೊ ಸಾಲಿಗೆ ಟ್ರಸ್ಟೆಡ್=ಯೆಸ್ (ಸಹಿ ನೋಡದೇ ನಂಬು) ಹಾಕು, ಮುಗೀತು. ಹೇಗೂ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸಂಪರ್ಕ) ಇದೆಯಲ್ಲ.

ಟರ್ಮಿನಲ್_ತಾತ: "ಹೇಗೂ ಎಚ್‌ಟಿಟಿಪಿಎಸ್ ಇದೆ"! ಅದು ಕಾಯೋದು ದಾರಿಯನ್ನ, ಸಾಮಾನನ್ನಲ್ಲ. ಮಿರರ್‌ನಲ್ಲೇ (ರೆಪೊದ ನಕಲಿಟ್ಟ ಸರ್ವರ್) ಯಾರೋ ಕೈಯಾಡಿಸಿದ್ರೆ? ಸಹಿ ಇರೋದು ರಿಲೀಸ್ ಫೈಲಿಗೆ, ಅದರೊಳಗೆ ಪ್ಯಾಕೇಜಸ್ ಫೈಲಿನ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿದ ಗುರುತು), ಅದರೊಳಗೆ ಒಂದೊಂದು ಡೆಬ್‌ನ (ಪ್ಯಾಕೇಜ್ ಫೈಲ್) ಹ್ಯಾಶ್. ಈ ಸರಪಳಿ ಗಟ್ಟಿ ಇದ್ರೆ ಬರೀ ಎಚ್‌ಟಿಟಿಪಿ ಸಾಕು.

ರಾಗಿಮುದ್ದೆ: "ಬರೀ ಎಚ್‌ಟಿಟಿಪಿ ಸಾಕು"? 2019ರ ಜನವರಿ ಮರೆತ್ರಾ? ಸಿವಿಇ-2019-3462 ಅನ್ನೋ ಭದ್ರತಾ ದೋಷ. ಆಪ್ಟ್‌ನ ರೀಡೈರೆಕ್ಟ್‌ನಲ್ಲಿ (ಬೇರೆ ವಿಳಾಸಕ್ಕೆ ತಿರುಗಿಸೋ ಕಡೆ) ತೂತು. ದಾರಿ ಮಧ್ಯೆ ಕೂತವನು ಸುಳ್ಳು ಹ್ಯಾಶ್ ತೂರಿಸಿ ರೂಟ್ (ಪೂರ್ಣಾಧಿಕಾರದ ಬಳಕೆದಾರ) ಆಗಿ ಕೋಡ್ ಓಡಿಸಬಹುದಿತ್ತು. ನಿಮ್ಮ ಸರಪಳಿ ಆಗ ನಿದ್ದೆ ಮಾಡ್ತಿತ್ತಾ?

ಟರ್ಮಿನಲ್_ತಾತ: ಅದು ಆಪ್ಟ್‌ನ ಬಗ್, ಸಹಿಯದ್ದಲ್ಲ.

ರಾಗಿಮುದ್ದೆ: ಬಗ್ ಯಾರದ್ದಾದ್ರೇನು, ಕಳ್ಳ ಒಳಗೆ ಬಂದ ತಾನೆ?

ಟರ್ಮಿನಲ್_ತಾತ: ಅದಕ್ಕೆ ಬೀಗವನ್ನೇ ಕಿತ್ತೆಸೆ ಅಂತೀಯಲ್ಲ, ನಿನ್ನ ಕೈಗೆ ಸರ್ವರ್ ಕೊಟ್ಟವರಿಗೆ ನಮಸ್ಕಾರ.

ಕರಾವಳಿ_ಕಮಲ: ಜಗಳ ಆಮೇಲೆ ಆಡಿ. ಹುಡುಗ, ಎರರ್ ಕೊನೆಯಲ್ಲಿರುವ 16 ಅಕ್ಷರ ಕೀ ಐಡಿ. ಅವರ ಸೈಟಿನಿಂದಲೇ ಹೊಸ ಕೀ ಇಳಿಸಿ, 40 ಅಕ್ಷರದ ಫಿಂಗರ್‌ಪ್ರಿಂಟ್ (ಕೀಯ ಪೂರ್ಣ ಗುರುತು) ಪೂರ್ತಿ ಹೋಲಿಸಿ, ಇಟಿಸಿ-ಆಪ್ಟ್ ಒಳಗಿನ ಕೀರಿಂಗ್ಸ್ ಫೋಲ್ಡರಿನಲ್ಲಿಡಿ, ಸೋರ್ಸಸ್ ಸಾಲಿಗೆ ಸೈನ್ಡ್-ಬೈ (ಈ ರೆಪೊಗೆ ಈ ಕೀ ಮಾತ್ರ) ಸೇರಿಸಿ. ಹಳೇ ವಿಧಾನದ ಆಪ್ಟ್-ಕೀ ಆಡ್ ಕಮಾಂಡ್ ಬೇಡ. ಹಾಗೆ ಹಾಕಿದ ಕೀಯನ್ನು ಆಪ್ಟ್ ಬೇರೆ ರೆಪೊಗಳಿಗೂ ನಂಬುತ್ತೆ.

ರಾಗಿಮುದ್ದೆ: "ಅವರ ಸೈಟಿನಿಂದಲೇ". ಅಂದ್ರೆ ಎಚ್‌ಟಿಟಿಪಿಎಸ್ ಮೇಲೆ! ತಾತ, ಕೇಳಿಸ್ತಾ? 2025ರ ಏಪ್ರಿಲ್‌ನಲ್ಲಿ ಕಾಲಿ ಲಿನಕ್ಸ್‌ನವರು (ಆಪ್ಟ್ ಬಳಸೋ ಇನ್ನೊಂದು ಲಿನಕ್ಸ್) ತಮ್ಮ ಹಳೇ ಕೀ ಕಳ್ಕೊಂಡಾಗ್ಲೂ ಜನ ಹೊಸ ಕೀರಿಂಗನ್ನ (ಕೀಗಳ ಫೈಲ್) ವಿಗೆಟ್ ಕಮಾಂಡಲ್ಲಿ ಇಳಿಸಿ ಕೈಯಾರೆ ಹಾಕ್ಕೊಂಡ್ರು.

ಟರ್ಮಿನಲ್_ತಾತ: ಕಳ್ಕೊಂಡಿದ್ದು, ಕದ್ದಿದ್ದಲ್ಲ. ಆ ಹೊಸ ಕೀಗೆ ಅವರದೇ ಡೆವಲಪರ್‌ಗಳು ಸಹಿ ಹಾಕಿದ್ರು, ಅದನ್ಯಾಕೆ ನುಂಗಿದೆ?

ರಾಗಿಮುದ್ದೆ: ಆ ಸಹಿ ನೋಡಿ ಹಾಕ್ಕೊಂಡ ಒಬ್ಬನನ್ನ ತೋರ್ಸಿ.

ಟರ್ಮಿನಲ್_ತಾತ: ನಾನು.

ರಾಗಿಮುದ್ದೆ: ನಿಮ್ಮನ್ನ ಬಿಟ್ಟು!

ಹಾಸನದ_ಹುಡುಗ: ಕಮಲ ಅವರೇ, ಫಿಂಗರ್‌ಪ್ರಿಂಟ್ ಸರಿ ಇದೆ. ಆದ್ರೆ ಈಗ "ಅನ್‌ಸಪೋರ್ಟೆಡ್ ಫೈಲ್‌ಟೈಪ್, ಇಗ್ನೋರ್ಡ್" ಅಂತಿದೆ.

ಕರಾವಳಿ_ಕಮಲ: ಕೀ ಫೈಲ್ ಕ್ಯಾಟ್ ಮಾಡಿ (ಟರ್ಮಿನಲ್‌ನಲ್ಲಿ ತೆರೆದು ನೋಡಿ). ಮೊದಲ ಸಾಲಲ್ಲಿ "ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್" ಅಂತ ಓದಲು ಬಂದ್ರೆ ಅದು ಪಠ್ಯರೂಪದ್ದು. ಹೆಸರಿನ ಕೊನೆ ಡಾಟ್ ಜಿಪಿಜಿ ಇಟ್ಟಿದ್ದೀರಿ. ಡಾಟ್ ಎಎಸ್‌ಸಿ ಮಾಡಿ, ಇಲ್ಲವೇ ಅದನ್ನು ಬೈನರಿಗೆ ಬದಲಿಸೋ ಜಿಪಿಜಿ ಡಿಆರ್ಮರ್ ಕಮಾಂಡ್ ಕೊಡಿ. ಸೈನ್ಡ್-ಬೈನಲ್ಲೂ ಹೆಸರು ತಿದ್ದಿ.

ಹಾಸನದ_ಹುಡುಗ: ಓಡ್ತು!

ರಾಗಿಮುದ್ದೆ: ಟ್ರಸ್ಟೆಡ್=ಯೆಸ್ ಹಾಕಿದ್ರೆ ಇಷ್ಟೊತ್ತಿಗೆ ಊಟ ಆಗಿರ್ತಿತ್ತು.