ಅಪ್‌ಡೇಟ್: ಸೆಫ್‌ನಲ್ಲಿ ಬರೆಯುವ ವೇಗ ಕುಸಿದಿದ್ದಕ್ಕೆ ಕಾರಣ ಸಿಕ್ಕಿತು

ಮೂರು ಸರ್ವರ್‌ಗಳ ಸೆಫ್ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಜೋಡಿಸುವ ತಂತ್ರಾಂಶ) ಕ್ಲಸ್ಟರ್‌ನಲ್ಲಿ ವರ್ಚುವಲ್ ಯಂತ್ರಗಳು ಓದುವಾಗ ಚುರುಕು, ಬರೆಯುವಾಗ ಮಾತ್ರ ಆಮೆ ಎಂದು ಹೋದ ವಾರ ಗೋಳಾಡಿದ್ದೆ. ಈಗ ಬಗೆಹರಿದಿದೆ.

ಎಂಟಿಯು (ಜಾಲದ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಬೈಟ್‌ಗೆ ಏರಿಸಿದ್ದರಿಂದ ಏನೂ ಆಗಲಿಲ್ಲ. ಪಿಜಿ (ಸೆಫ್ ದತ್ತಾಂಶವನ್ನು ಹಂಚಿಡುವ ಗುಂಪು) ಸಂಖ್ಯೆ ಹೆಚ್ಚಿಸಿದಾಗ ರಾತ್ರಿಯಿಡೀ ದತ್ತಾಂಶ ಅತ್ತಿಂದಿತ್ತ ಓಡಾಡಿತು, ಅಷ್ಟೇ. ಬರೆಯುವುದನ್ನು ಮೊದಲು ಮೆಮೊರಿಯಲ್ಲಿ ಹಿಡಿದಿಡುವ ರೈಟ್‌ಬ್ಯಾಕ್ ಕ್ಯಾಶ್‌ನಿಂದ ಫೈಲ್ ನಕಲು ವೇಗವಾಯಿತು. ಆದರೆ ಪ್ರತಿ ಕಮಿಟ್‌ಗೂ ಫ್ಲಶ್ (ಡಿಸ್ಕಿಗೆ ಈಗಲೇ ಇಳಿಸು ಎಂಬ ಆದೇಶ) ಕೇಳುವ ಡೇಟಾಬೇಸ್ ತೆವಳುತ್ತಲೇ ಇತ್ತು.

ಫಲಿಸಿದ್ದು, "ಎಸ್‌ಎಸ್‌ಡಿಯಲ್ಲಿ ವಿದ್ಯುತ್ ಕಡಿತದ ರಕ್ಷಣೆ ಇದೆಯೇ ನೋಡಿ" ಎಂದ ಒಂದೇ ಸಾಲಿನ ಉತ್ತರ. ಒಂದು ಡಿಸ್ಕನ್ನು ಕ್ಲಸ್ಟರ್‌ನಿಂದ ಹೊರತೆಗೆದು (ಈ ಪರೀಕ್ಷೆ ಅದರಲ್ಲಿರುವುದನ್ನೆಲ್ಲ ಅಳಿಸಿಹಾಕುತ್ತದೆ, ಎಚ್ಚರ) ಡಿಸ್ಕ್ ವೇಗ ಅಳೆಯುವ ಫಿಯೋ ಓಡಿಸಿದೆ: 4 ಕೆಬಿ ಬ್ಲಾಕ್, ಕ್ಯೂ ಡೆಪ್ತ್ 1 (ಒಮ್ಮೆಗೆ ಒಂದೇ ಬರಹ), ಸಿಂಕ್ ಆನ್ (ಪ್ರತಿ ಬರಹವೂ ಭದ್ರವಾಗಿ ಇಳಿಯುವವರೆಗೆ ಕಾಯುವುದು). ಲಕ್ಷಗಟ್ಟಲೆ ಐಒಪಿಎಸ್ (ಸೆಕೆಂಡಿಗೆ ಮಾಡುವ ಓದು-ಬರಹಗಳ ಸಂಖ್ಯೆ) ಎಂದು ಪೆಟ್ಟಿಗೆಯ ಮೇಲೆ ಕೊಚ್ಚಿಕೊಂಡಿದ್ದ ಎನ್‌ವಿಎಂಇ (ವೇಗದ ಸಂಪರ್ಕದ ಎಸ್‌ಎಸ್‌ಡಿ) ಡಿಸ್ಕ್ ಕೆಲವೇ ನೂರಕ್ಕೆ ಏದುಸಿರು ಬಿಟ್ಟಿತು! ನಾನು ಮೊದಲು ಸಿಂಕ್ ಇಲ್ಲದೆ ಡಿಡಿ ಎಂಬ ನಕಲು ಆಜ್ಞೆಯಲ್ಲಿ ಅಳೆದದ್ದು ಬರೀ ರ‍್ಯಾಮ್‌ನ ವೇಗವಾಗಿತ್ತು.

ದತ್ತಾಂಶದ ಮೂರೂ ಪ್ರತಿಗಳು ಭದ್ರವಾಗಿ ಡಿಸ್ಕಿಗೆ ಇಳಿದ ಮೇಲೆಯೇ ಸೆಫ್ 'ಆಯಿತು' ಎನ್ನುತ್ತದೆ. ಹಾಗಾಗಿ ಅತಿ ನಿಧಾನದ ಡಿಸ್ಕಿನ ವೇಗವೇ ಎಲ್ಲದರ ವೇಗ. ವಿದ್ಯುತ್ ಕಡಿತದ ರಕ್ಷಣೆಗೆ ಕೆಪ್ಯಾಸಿಟರ್ ಇರುವ ಡಿಸ್ಕ್, ವಿದ್ಯುತ್ ಹೋದರೂ ಬರೆದು ಮುಗಿಸಬಲ್ಲದ್ದರಿಂದ, ತನ್ನ ಕ್ಯಾಶ್‌ಗೆ ಬಂದೊಡನೆ ಒಪ್ಪಿಗೆ ಕೊಡಬಲ್ಲದು. ಇಲ್ಲದ್ದು ಫ್ಲ್ಯಾಶ್‌ಗೆ ಬರೆದು ಮುಗಿಸುವವರೆಗೆ ಕಾಯಿಸುತ್ತದೆ.

ಕೊನೆಗೆ ಬೇರೆಯವರು ಬಳಸಿ ಬಿಟ್ಟ ಕೆಪ್ಯಾಸಿಟರ್ ಇರುವ ಎಂಟರ್‌ಪ್ರೈಸ್ ಸಾಟಾ (ಹಳೆಯ, ನಿಧಾನದ ಸಂಪರ್ಕದ) ಎಸ್‌ಎಸ್‌ಡಿಗಳನ್ನು ಒಂದೊಂದಾಗಿ ಹಾಕಿದೆ, ಪ್ರತಿ ಸಲ ಕ್ಲಸ್ಟರ್ ಚೇತರಿಸಿಕೊಳ್ಳುವವರೆಗೆ ಕಾದು. ಹೊಚ್ಚಹೊಸ ಎನ್‌ವಿಎಂಇಯನ್ನು ಹಳೆಯ ಸಾಟಾ ಹಿಂದೆ ಹಾಕುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತೆಗೆದ ಡಿಸ್ಕ್‌ಗಳು ಈಗ ಡೆಸ್ಕ್‌ಟಾಪ್‌ಗಳಲ್ಲಿ ಸುಖವಾಗಿವೆ.