ಸುಂಕಪಟ್ಟಿಯ ‘ಹೆಡಿಂಗ್’, ‘ಆಕ್ಸೆಸರಿ’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಕೋಲಾರದಲ್ಲಿ ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರಿಗೆ ಆಮದು ಕಾಗದಪತ್ರದ ಕೆಲಸ ಹೇಳಿಕೊಡುತ್ತೇನೆ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಈ ಕೆಲಸ ಗೊತ್ತಿರುವವರು ಬೇಕು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಸುಂಕಪಟ್ಟಿಯ (ಯಾವ ಸಾಮಾನಿಗೆ ಎಷ್ಟು ಆಮದು ಸುಂಕ ಎಂದು ಸಂಖ್ಯೆ ಕೊಟ್ಟು ಹೇಳುವ ಸರ್ಕಾರಿ ಪಟ್ಟಿ) ಇಂಗ್ಲಿಷ್ ತುಂಬಾ ಕಷ್ಟ. ಅದಕ್ಕೇ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಸಾಮಾನಿನ ಉದಾಹರಣೆ ಬರೆಯುವಾಗ ಕೆಲವು ಪದಗಳು ತೊಡಕಾಗಿವೆ. ನಿಮ್ಮ ಸಹಾಯ ಬೇಕು.

ಸಾಮಾನು ಇದು. ಓಡುವವರು ಎದೆಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾರಲ್ಲ, ಎದೆಬಡಿತ ಎಣಿಸುವಂಥದ್ದು? ಅದರ ಲೆಕ್ಕವನ್ನು ತಂತಿಯಿಲ್ಲದೆ ಕಂಪ್ಯೂಟರಿಗೆ ತಲುಪಿಸುವ ಪುಟ್ಟ ಯುಎಸ್‌ಬಿ ರಿಸೀವರ್. ಇನ್‌ವಾಯ್ಸಿನಲ್ಲಿ ‘ಹಾರ್ಟ್ ರೇಟ್ ಮಾನಿಟರ್ ಕಂಪ್ಯೂಟರ್ ಆಕ್ಸೆಸರಿ’ ಅಂತಿರುತ್ತದೆ.

ಇಲ್ಲಿ ‘ಮಾನಿಟರ್’ ಅಂದ ಕೂಡಲೇ ಮಕ್ಕಳ ಕಣ್ಣ ಮುಂದೆ ಬರುವುದು ಕಂಪ್ಯೂಟರಿನ ಪರದೆ. ಪಕ್ಕದಲ್ಲೇ ‘ಕಂಪ್ಯೂಟರ್’ ಅಂತಲೂ ಇದೆ, ಅವರ ತಪ್ಪಲ್ಲ. ಪರದೆಗಳಿಗೆ ಸುಂಕಪಟ್ಟಿಯಲ್ಲಿ 8528 ಎಂಬ ಬೇರೆ ಜಾಗವೇ ಇದೆ, ನೇರ ಅಲ್ಲಿಗೆ ಹೋಗಿಬಿಡುತ್ತಾರೆ. ಹಾಗಾಗಿ ‘ಎದೆಬಡಿತ ಮಾಪಕ’ ಎಂದು ಬರೆದಿದ್ದೇನೆ. ‘ನಾಡಿಮಾಪಕ’ ಚೆನ್ನಾಗಿ ಕೇಳಿಸುತ್ತದೆ, ನಿಜ. ಆದರೆ ಎದೆಪಟ್ಟಿ ಹಿಡಿಯುವುದು ಹೃದಯದ ವಿದ್ಯುತ್ ಸಂಕೇತವನ್ನು. ಕೈಗಡಿಯಾರದ ಥರದ್ದು ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಹರಿವು ನೋಡುತ್ತದೆ. ನಾಡಿ ಎನ್ನುವ ಮಾತು ಈ ಎರಡನೆಯದಕ್ಕೇ ಸರಿ.

ಇನ್ನು ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಹೆಡಿಂಗ್’. ನಾಲ್ಕಂಕಿಯ ಪ್ರತಿ ಸಾಲಿಗೂ ಹಾಗನ್ನುತ್ತಾರೆ. ನೋಡಿದವರೆಲ್ಲ ‘ಶೀರ್ಷಿಕೆ’ ಅಂತ ಹಾಕು ಅನ್ನುತ್ತಾರೆ. ಆದರೆ ವರ್ಗೀಕರಣದ, ಅಂದರೆ ಸಾಮಾನು ಯಾವ ಸಾಲಿಗೆ ಸೇರುತ್ತದೆ ಎಂದು ತೀರ್ಮಾನಿಸುವ, ಮೊದಲ ನಿಯಮವೇ ಇದಕ್ಕೆ ಅಡ್ಡ ಬರುತ್ತದೆ. ವಿಭಾಗ ಮತ್ತು ಅಧ್ಯಾಯಗಳ ಟೈಟಲ್‌ಗಳು ಬರೀ ಹುಡುಕುವ ಅನುಕೂಲಕ್ಕೆ, ಕಾನೂನಿನ ಪ್ರಕಾರ ತೀರ್ಮಾನ ಆಗುವುದು ಹೆಡಿಂಗಿನ ಮಾತು ಮತ್ತು ಟಿಪ್ಪಣಿಗಳ ಮೇಲೆ, ಎನ್ನುವುದು ಅದರ ಸಾರ. ಎರಡಕ್ಕೂ ‘ಶೀರ್ಷಿಕೆ’ ಹಾಕಿ ಓದಿ ನೋಡಿ: ‘ಶೀರ್ಷಿಕೆಗಳು ಬರೀ ಅನುಕೂಲಕ್ಕೆ, ತೀರ್ಮಾನ ಶೀರ್ಷಿಕೆಯ ಮೇಲೆ.’ ನಿಯಮ ತನ್ನನ್ನೇ ಅಲ್ಲಗಳೆದಂತಾಗುತ್ತದೆ. ಇದು ಸಣ್ಣ ವಿಷಯವಲ್ಲ. ಆರು ನಿಯಮಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಇದು. ಇದು ತಲೆಗೆ ಹೋಗದಿದ್ದರೆ ಮುಂದಿನ ಪಾಠವೇ ನಡೆಯುವುದಿಲ್ಲ.

ನನಗೆ ಹೊಳೆದದ್ದು ನಮ್ಮ ಕಂದಾಯದ ಹಳೆಯ ಮಾತು, ‘ಬಾಬ್ತು’. ಯಾವ ಬಾಬ್ತಿಗೆ ಹಾಕಿದಿರಿ ಅಂತ ಲೆಕ್ಕ ಬರೆಯುವವರು ಈಗಲೂ ಕೇಳುತ್ತಾರೆ. ನಾಲ್ಕಂಕಿಯದು ಬಾಬ್ತು, ಆರಂಕಿಯದು ಒಳಬಾಬ್ತು. ಭಾರತದಲ್ಲಿ ಅದನ್ನು ಎಂಟಂಕಿಗೆ ಒಡೆಯುತ್ತೇವೆ, ಅದಕ್ಕೆ ‘ಸುಂಕ ಸಂಖ್ಯೆ’ ಸಾಕು. ‘ನಮೂದು’ ಅನ್ನಬಹುದಿತ್ತು, ಆದರೆ ಬಿಲ್ ಆಫ್ ಎಂಟ್ರಿಯಲ್ಲಿ (ಆಮದು ಸರಕಿನ ವಿವರ ಬರೆದು ಕಸ್ಟಮ್ಸ್‌ಗೆ ಸಲ್ಲಿಸುವ ಪತ್ರ) ತುಂಬುವ ಪ್ರತಿಯೊಂದಕ್ಕೂ ಮಕ್ಕಳು ನಮೂದು ಅನ್ನುತ್ತಾರೆ.

‘ಆಕ್ಸೆಸರಿ’ಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ‘ಪರಿಕರ’ ಎಂದರೆ ನಮ್ಮ ಕಡೆ ಕೃಷಿ ಪರಿಕರದ ಅಂಗಡಿ, ಬೀಜ, ಗೊಬ್ಬರ, ಡ್ರಿಪ್ ಪೈಪು. ‘ಉಪಕರಣ’ ಅಂದರೆ ಮಾಪಕವೇ ಆಗಿಬಿಡುತ್ತದೆ. ‘ಬಿಡಿಭಾಗ’ ಪಾರ್ಟ್‌ಗೆ ಮೀಸಲು. ಸುಂಕಪಟ್ಟಿ ಪದೇ ಪದೇ ‘ಪಾರ್ಟ್ಸ್ ಮತ್ತು ಆಕ್ಸೆಸರಿ’ ಎಂದು ಎರಡನ್ನೂ ಹೇಳುವುದರಿಂದ ಎರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು. ಬೈಕ್ ಅಂಗಡಿಯವರು ಈ ವ್ಯತ್ಯಾಸವನ್ನು ಚೆನ್ನಾಗಿ ಹಿಡಿದಿದ್ದಾರೆ. ಚೈನು ಪಾರ್ಟ್, ಅದಿಲ್ಲದೆ ಗಾಡಿ ಓಡದು. ಸೀಟ್ ಕವರು, ಗಾರ್ಡು ‘ಎಕ್ಸ್‌ಟ್ರಾ ಫಿಟ್ಟಿಂಗ್’. ನಮ್ಮ ರಿಸೀವರ್ ಕೂಡ ಹಾಗೇ. ಅದಿಲ್ಲದೆಯೂ ಮಾಪಕ ಬಡಿತ ಎಣಿಸುತ್ತದೆ, ಇದ್ದರೆ ಇನ್ನೊಂದು ಕೆಲಸ ಸೇರುತ್ತದೆ. ‘ಜೊತೆಸಾಮಾನು’ ಎಂದು ಸದ್ಯಕ್ಕೆ ಬರೆದಿದ್ದೇನೆ.

ಆಮೇಲೆ, ಯಾರ ಜೊತೆಸಾಮಾನು? ಇನ್‌ವಾಯ್ಸಿನ ಪದಮಾಲೆಯಿಂದ ತಿಳಿಯುವುದಿಲ್ಲ. ಕನ್ನಡಕ್ಕೆ ವಿಭಕ್ತಿ ಇದೆಯಲ್ಲ, ಅದನ್ನು ಬಳಸೋಣ: ‘ಕಂಪ್ಯೂಟರಿಗೆ ಜೋಡಿಸುವ, ಎದೆಬಡಿತ ಮಾಪಕದ ಜೊತೆಸಾಮಾನು’. ಕಂಪ್ಯೂಟರಿನ ಜೊತೆಸಾಮಾನಾದರೆ 8473 ನೋಡಬೇಕು. ಮಾಪಕದ್ದಾದರೆ ಅಳತೆಯ ಉಪಕರಣಗಳು ಬರುವ 90ನೇ ಅಧ್ಯಾಯದ ಎರಡನೇ ಟಿಪ್ಪಣಿ ನೋಡಬೇಕು. ಆ ಟಿಪ್ಪಣಿ ಹೇಳುವುದು ಹೀಗೆ. ಆ ಜೊತೆಸಾಮಾನು ತಾನೇ 90ರ ಅಥವಾ 84, 85, 91ನೇ ಅಧ್ಯಾಯದ ಒಂದು ಬಾಬ್ತಿಗೆ ಸೇರುವ ವಸ್ತುವಾಗಿದ್ದರೆ, ಕೆಲವು ಬಾಬ್ತುಗಳನ್ನು ಬಿಟ್ಟು, ಅದು ತನ್ನ ಬಾಬ್ತಿಗೇ ಹೋಗುತ್ತದೆ. ಇಲ್ಲದಿದ್ದರೆ, ಒಂದು ಯಂತ್ರಕ್ಕೆ ಮಾತ್ರ ಅಥವಾ ಮುಖ್ಯವಾಗಿ ಆ ಯಂತ್ರಕ್ಕೇ ಬಳಸುವಂಥದ್ದಾದರೆ, ಆ ಯಂತ್ರದ ಜೊತೆಗೆ. ಉಳಿದದ್ದು 9033ಕ್ಕೆ. ನಮ್ಮ ರಿಸೀವರ್ ದತ್ತಾಂಶ ಪಡೆದು ಕಳಿಸುವ ಸಾಧನ. ಹಾಗಾಗಿ ಟಿಪ್ಪಣಿಯ ಮೊದಲ ಮೆಟ್ಟಿಲಲ್ಲೇ, ಅಂಥ ಸಾಧನಗಳ ಬಾಬ್ತಾದ 8517ನ್ನು ನೋಡಬೇಕಾಗುತ್ತದೆ. ಎಲೆಕ್ಟ್ರಾನಿಕ್ಸ್ ಏನೂ ಇಲ್ಲದ ಬರೀ ಎದೆಪಟ್ಟಿ ಬಂದರೆ ಎರಡನೆಯ ಮೆಟ್ಟಿಲಿನ ಮಾತು ಮುಖ್ಯವಾಗುತ್ತದೆ.

ಅಲ್ಲಿ ಇಂಗ್ಲಿಷಿನ ‘ಸೋಲ್ಲಿ ಆರ್ ಪ್ರಿನ್ಸಿಪಲ್ಲಿ’ ಎನ್ನುವುದಕ್ಕೆ ‘ಮಾತ್ರ ಅಥವಾ ಮುಖ್ಯವಾಗಿ’ ಎಂದಿದ್ದೇನೆ. ‘ಕೇವಲ’ ಬೇಡ ಅನ್ನಿಸಿತು, ‘ಬರೀ ಇಷ್ಟೇನಾ’ ಎಂಬ ತಾತ್ಸಾರದ ಅರ್ಥವೂ ಅದಕ್ಕಿದೆ. ‘ಹೆಚ್ಚಾಗಿ’ ಅಂದರೆ ಎಷ್ಟು ಸಲ ಬಳಸುತ್ತಾರೆ ಅನ್ನುವ ಲೆಕ್ಕವಾಗುತ್ತದೆ. ಇಲ್ಲಿ ಕೇಳುತ್ತಿರುವುದು ವಸ್ತು ಯಾವುದಕ್ಕಾಗಿ ತಯಾರಾಗಿದೆ ಅನ್ನುವುದನ್ನು.

‘ಬಾಬ್ತು’ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯಾ? ಹೊಸಬರಿಗೆ ಅರ್ಥವಾಗುತ್ತದಾ? ‘ಜೊತೆಸಾಮಾನು’ಗಿಂತ ಒಳ್ಳೆಯ ಮಾತು ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕೇಳಿದ್ದರೆ, ಯಾವ ಊರಿನದು ಅಂತಲೂ ಸೇರಿಸಿ ಬರೆಯಿರಿ.