ಆನ್‌ಲೈನ್ ಎಲೆಕ್ಟ್ರಾನಿಕ್ಸ್: ಮನೇಲೇ ಲ್ಯಾಬ್ ಮಾಡ್ಕೊಳ್ಳೋದು ಹೇಗೆ?

ಶಿರಸಿ_ಹುಡುಗಿ: ಎಲೆಕ್ಟ್ರಾನಿಕ್ಸ್ ಡಿಗ್ರಿ ಆನ್‌ಲೈನ್‌ನಲ್ಲಿ ಓದ್ತಿದ್ದೀನಿ. ಪಾಠ ಅರ್ಥ ಆಗತ್ತೆ, ಆದ್ರೆ ಒಂದು ರೆಸಿಸ್ಟರ್ ಕೂಡ ಕೈಯಲ್ಲಿ ಹಿಡಿದಿಲ್ಲ. ಮಳೆ ಹಿಡಿದ್ರೆ ಇಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಕಡಿಮೆ ಖರ್ಚಲ್ಲಿ ಏನು ಮಾಡಬಹುದು?

ಬಿಟ್ಟಿ_ಸಲಹೆ: ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ (ನೆಟ್ಟಲ್ಲೇ ಪ್ರಯೋಗ ಮಾಡೋ ವೆಬ್‌ಸೈಟ್) ಪುಕ್ಕಟೆ ಇದೆ. ದುಡ್ಡು ಯಾಕೆ ಹಾಳು?

ಲ್ಯಾಬ್_ಮೇಷ್ಟ್ರು: ನೆಟ್ಟೇ ಇಲ್ಲ ಅಂತಿದ್ದಾಳಲ್ಲ ಮಾರಾಯ!

ನೋಡಮ್ಮ, ಪಾಲಿಟೆಕ್ನಿಕ್ ಲ್ಯಾಬಲ್ಲೇ ತಲೆ ನರೆತವನು ನಾನು. ಕಂಪ್ಯೂಟರಲ್ಲಿ ವೈರ್ ಲೂಸಾಗಲ್ಲ, ಮೀಟರ್ ಸುಳ್ಳು ಹೇಳಲ್ಲ. ಲ್ಯಾಬಲ್ಲಿ ಕಲಿಯೋದು ಅರ್ಧ ಅದನ್ನೇ. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಸಿಗಿಸೋ ತೂತಿನ ಹಲಗೆ), ಜಂಪರ್ ವೈರ್, 9 ವೋಲ್ಟ್ ಬ್ಯಾಟರಿ, 830 ಮಾದರಿಯ ಅಗ್ಗದ ಮಲ್ಟಿಮೀಟರ್ ಸಾಕು. ಬೆಂಗಳೂರಿಗೆ ಹೋಗೋರಿದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿಂದ ತರಿಸು.

ಮೊದಲು 10 ಕಿಲೋಓಮ್ ರೆಸಿಸ್ಟರಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಹಿಡಿದಿಡೋದು) ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು, ಹಾಕಿ ಬ್ಯಾಟರಿಯಿಂದ ಚಾರ್ಜ್ ಮಾಡು. ಮೀಟರಿನ ಪ್ರೋಬ್‌ಗಳು ಕೆಪಾಸಿಟರಿನ ಎರಡು ಕಾಲಿಗೇ ಇರಲಿ. ಆಮೇಲೆ 100 ಕಿಲೋಓಮ್, 100 ಮೈಕ್ರೋಫ್ಯಾರಡ್. ಲೆಕ್ಕದಲ್ಲಿ ಎರಡರದ್ದೂ ಟೈಮ್ ಕಾನ್‌ಸ್ಟಂಟ್ (ಚಾರ್ಜ್ ಆಗೋ ವೇಗದ ಅಳತೆ, ಓಮ್ ಗುಣಿಸು ಫ್ಯಾರಡ್) 10 ಸೆಕೆಂಡೇ. ಕೆಪಾಸಿಟರಿನ ಪಟ್ಟಿ ಇರೋ ಕಾಲು ಮೈನಸ್ಸಿಗೆ. ತಿರುಗಾಮುರುಗಾ ಕೊಟ್ರೆ ಢಮಾರ್ ಅನ್ನಬಹುದು. ಎಷ್ಟು ವೋಲ್ಟ್ ಬರತ್ತೆ ಅಂತ ಮೊದಲೇ ಬರೆದಿಟ್ಟುಕೋ, ಆಮೇಲೆ ಮೀಟರ್ ನೋಡು.

ಆಸಿಲೋಸ್ಕೋಪ್ (ವೋಲ್ಟೇಜ್ ಏರಿಳಿತ ಗೆರೆಯಾಗಿ ತೋರಿಸೋ ಯಂತ್ರ) ಬೇಕಾದಾಗ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನವರು ರೂಪಿಸಿದ ಎಕ್ಸ್‌ಪೈಸ್-17 ಅನ್ನೋ ಪುಟ್ಟ ಪ್ರಯೋಗ ಪೆಟ್ಟಿಗೆ ಇದೆ. ಆಂಡ್ರಾಯ್ಡ್ ಮೊಬೈಲಿಗೇ ಸಿಗಿಸಬಹುದು. ಈಗಲೇ ಬೇಡ.

ಶಿರಸಿ_ಹುಡುಗಿ: ಸರ್, ಸಾಮಾನು ಬಂತು, ಮಾಡಿದೆ. ಬ್ಯಾಟರಿ ನೇರವಾಗಿ 9.2 ತೋರಿಸ್ತು. ಮೊದಲನೇದು 9.1ರ ತನಕ ಏರ್ತು. ಎರಡನೇದು 8.3ಕ್ಕೆ ಬಂದು ಕೂತಿದ್ದು ಮೇಲೇಳ್ತಾನೇ ಇಲ್ಲ! ಕೆಪಾಸಿಟರ್ ಕೆಟ್ಟಿದೆಯಾ?

ಬಿಟ್ಟಿ_ಸಲಹೆ: ಲೋಕಲ್ ಮಾಲು ಕೊಟ್ಟಿರ್ತಾರೆ, ವಾಪಸ್ ಮಾಡಿ.

ಲ್ಯಾಬ್_ಮೇಷ್ಟ್ರು: ಏನೂ ಕೆಟ್ಟಿಲ್ಲ. ಆ ಮೀಟರಿನ ಒಳಗೇ 1 ಮೆಗಾಓಮ್ (ಸಾವಿರ ಕಿಲೋಓಮ್) ರೆಸಿಸ್ಟೆನ್ಸ್ ಇದೆ, ಅದೂ ಕರೆಂಟ್ ಕುಡಿಯತ್ತೆ. ನಿನ್ನ 100 ಕಿಲೋಓಮ್ ಜೊತೆ ಸೇರಿಸಿ ಲೆಕ್ಕ ಹಾಕು: 9.2ನ್ನ ಹನ್ನೊಂದು ಪಾಲು ಮಾಡಿದ್ರೆ ಅದರಲ್ಲಿ ಹತ್ತು ಪಾಲು, ಹತ್ತಿರತ್ತಿರ 8.36. ಉಳಿದ ಚೂರುಪಾರು ಕೆಪಾಸಿಟರಿನ ಸೋರಿಕೆ ಇರಬೇಕು. 10 ಕಿಲೋಓಮಿಗೆ ಅದೇ ಮೀಟರ್ ಅಷ್ಟೇನೂ ತೊಂದರೆ ಕೊಡಲ್ಲ.

ನನ್ನ ಮಾತು ನಂಬಬೇಡ. ಆ ಎರಡನೇದರಿಂದ ಮೀಟರ್ ತೆಗೆದು ಎರಡು ನಿಮಿಷ ಚಾರ್ಜ್ ಆಗಲು ಬಿಡು, ಆಮೇಲೆ ಪ್ರೋಬ್ ಮುಟ್ಟಿಸು. ಮೊದಲು 9ರ ಮೇಲೆ ತೋರಿಸಿ ಮೆಲ್ಲಗೆ 8.3ಕ್ಕೆ ಜಾರಬೇಕು. ಜಾರದಿದ್ರೆ ಇಲ್ಲೇ ಬಂದು ಬೈ.